ಮೆಮೊರಿ ಚಿಪ್‌ಗಳಲ್ಲಿ ಸಂಕೇತಗಳ ಕಾಲನಿಖರತೆ

ಮೆಮೊರಿ ಚಿಪ್‌ಗೂ ಅದನ್ನು ನಡೆಸುವ ಕಂಟ್ರೋಲರ್‌ಗೂ ನಡುವೆ ಹರಿಯುವ ಕ್ಲಾಕ್, ಆದೇಶ ಮತ್ತು ದತ್ತಾಂಶದ ಸಂಕೇತಗಳು ಒಂದಕ್ಕೊಂದು ಹೊಂದಿಕೊಂಡು ಸರಿಯಾದ ಗಳಿಗೆಗೆ ತಲುಪುವಂತೆ ನೋಡಿಕೊಳ್ಳುವ ವಿದ್ಯುನ್ಮಾನ ವ್ಯವಸ್ಥೆ. ಕಂಪ್ಯೂಟರುಗಳ ಮುಖ್ಯ ಮೆಮೊರಿಯಾದ ಡಿಡಿಆರ್ ಬಗೆಯ ಡಿ-ರ‍್ಯಾಮ್‌ನಲ್ಲಿ ಇದರ ಬೆಳವಣಿಗೆಯನ್ನು ಹಂತಹಂತವಾಗಿ ಗುರುತಿಸಬಹುದು. ಮೆಮೊರಿಯ ವೇಗ ಏರಿದ್ದಕ್ಕೆ ಕಿರಿದಾಗುತ್ತ ಬಂದ ಟ್ರಾನ್ಸಿಸ್ಟರ್‌ಗಳೇ ಕಾರಣ ಎಂದು ಹೇಳುವುದುಂಟು. ಅದು ಅರ್ಧ ಸತ್ಯ. ವಿಳಂಬವನ್ನು ತಾವೇ ಅಳೆದು ತಿದ್ದಿಕೊಳ್ಳುವ ಮಂಡಲಗಳು ಬಾರದಿದ್ದರೆ ಇಂದಿನ ವೇಗ ಸಾಧ್ಯವಾಗುತ್ತಿರಲಿಲ್ಲ.

ಜೆಡೆಕ್ ಸಂಸ್ಥೆ 2000ದಲ್ಲಿ ಪ್ರಕಟಿಸಿದ ಮೊದಲ ಡಿಡಿಆರ್ ಮಾನದಂಡದ ಅತಿ ನಿಧಾನದ ದರ್ಜೆಯಲ್ಲಿ ಒಂದು ಬಿಟ್‌ಗೆ 5 ನ್ಯಾನೊಸೆಕೆಂಡ್ ಸಿಗುತ್ತಿತ್ತು. ಡಿಡಿಆರ್4-3200ರಲ್ಲಿ ಅದು 312.5 ಪಿಕೊಸೆಕೆಂಡ್‌ಗೆ, ಡಿಡಿಆರ್5-6400ರಲ್ಲಿ ಸುಮಾರು 156 ಪಿಕೊಸೆಕೆಂಡ್‌ಗೆ ಇಳಿಯಿತು. ಬೋರ್ಡಿನ ತಾಮ್ರದ ಗೆರೆಯಲ್ಲಿ ಸಂಕೇತ ಒಂದು ಮಿಲಿಮೀಟರ್ ಸಾಗಲು ಸುಮಾರು 7 ಪಿಕೊಸೆಕೆಂಡ್ ಬೇಕು. ಎರಡು ಗೆರೆಗಳ ಉದ್ದದಲ್ಲಿ ಒಂದು ಸೆಂಟಿಮೀಟರ್ ಹೆಚ್ಚುಕಡಿಮೆಯಾದರೆ ಬಿಟ್‌ನ ಅರ್ಧದಷ್ಟು ಕಾಲ ಅಲ್ಲಿಯೇ ಹೋಯಿತು. ಇದರ ಜೊತೆಗೆ ಚಿಪ್ ಬಿಸಿಯಾದಾಗ, ವೋಲ್ಟೇಜ್ ಏರಿಳಿದಾಗ ಒಳಗಿನ ವಿಳಂಬವೂ ಬದಲಾಗುತ್ತದೆ. ಒಂದೇ ಕಾರ್ಖಾನೆಯಿಂದ ಬಂದ ಎರಡು ಚಿಪ್‌ಗಳ ವಿಳಂಬವೂ ಒಂದೇ ಆಗಿರುವುದಿಲ್ಲ. ದತ್ತಾಂಶವನ್ನು ಓದುವ ಗಳಿಗೆಗೆ ಸ್ವಲ್ಪ ಮೊದಲೂ ಸ್ವಲ್ಪ ಅನಂತರವೂ ಅದು ಅಲುಗದೆ ನಿಂತಿರಬೇಕು. ಇಲ್ಲವಾದರೆ 1 ಇದ್ದಲ್ಲಿ 0 ದಾಖಲಾಗುತ್ತದೆ.

ಡಿಡಿಆರ್ ಕಂಡುಕೊಂಡ ಮೊದಲ ಪರಿಹಾರ ಸ್ಟ್ರೋಬ್. ದತ್ತಾಂಶದ ಗೆರೆಗಳ ಪಕ್ಕದಲ್ಲಿಯೇ, ಅಷ್ಟೇ ಉದ್ದದ ದಾರಿಯಲ್ಲಿ, ಯಾವಾಗ ಓದಬೇಕೆಂದು ತಿಳಿಸುವ ಇನ್ನೊಂದು ಸಂಕೇತ ಸಾಗುತ್ತದೆ. ದಾರಿಯಲ್ಲಿ ತಡವಾದರೆ ಎರಡಕ್ಕೂ ಒಟ್ಟಿಗೆ ತಡವಾಗುವುದರಿಂದ ಅವುಗಳ ನಡುವಿನ ಅಂತರ ಉಳಿಯುತ್ತದೆ. ಬರೆಯುವಾಗ ಕಂಟ್ರೋಲರ್ ಸ್ಟ್ರೋಬಿನ ಅಂಚನ್ನು ಬಿಟ್‌ನ ನಟ್ಟನಡುವೆ ಇರಿಸಿ ಕಳಿಸುತ್ತದೆ. ಓದುವಾಗ ಚಿಪ್ ಎರಡರ ಅಂಚುಗಳನ್ನೂ ಕೂಡಿಸಿಯೇ ಕಳಿಸುತ್ತದೆ. ಸ್ಟ್ರೋಬನ್ನು ಕಾಲು ಆವರ್ತದಷ್ಟು ಸರಿಸಿಕೊಳ್ಳುವ ಕೆಲಸ ಕಂಟ್ರೋಲರಿನದು.

ಎರಡನೆಯ ಪರಿಹಾರ ಚಿಪ್ಪಿನ ಒಳಗಿದೆ. ಹೊರಗಿನಿಂದ ಬಂದ ಕ್ಲಾಕ್ ಒಳಗಿನ ಬಫರುಗಳನ್ನು ದಾಟಿ, ಚಿಪ್ಪಿನಲ್ಲೆಲ್ಲ ಹಂಚಿಕೆಯಾಗಿ, ಕಡೆಗೆ ದತ್ತಾಂಶವನ್ನು ಹೊರದಬ್ಬುವಷ್ಟರಲ್ಲಿ ತಡವಾಗಿಬಿಟ್ಟಿರುತ್ತದೆ. ಈ ತಡವನ್ನು ಅಳಿಸಲಾಗದು, ಪೂರ್ಣಾವರ್ತಕ್ಕೆ ಏರಿಸಬಹುದು. ಡಿಲೇ ಲಾಕ್ಡ್ ಲೂಪ್, ಅಂದರೆ ಡಿಎಲ್‌ಎಲ್, ಮಾಡುವುದು ಇದನ್ನೇ. ಬೇಕಾದಷ್ಟು ಉದ್ದ ಮಾಡಬಹುದಾದ ವಿಳಂಬ ಸರಪಳಿ ಅದರಲ್ಲಿದೆ. ಹೊರಹೋಗುವ ದಾರಿಯ ತಡವನ್ನು ಅನುಕರಿಸುವ ಪ್ರತಿರೂಪ ಮಂಡಲವೊಂದು ಆ ಸರಪಳಿಯ ತುದಿಗಿರುತ್ತದೆ. ಅಲ್ಲಿಂದ ಮರಳಿದ ಅಂಚು ಮೂಲ ಕ್ಲಾಕಿಗಿಂತ ಮುಂದಿದೆಯೋ ಹಿಂದಿದೆಯೋ ಎಂದು ಹೋಲಿಸಿ, ಒಟ್ಟು ವಿಳಂಬ ಸರಿಯಾಗಿ ಪೂರ್ಣಾವರ್ತಗಳಷ್ಟಾಗುವ ತನಕ ಸರಪಳಿಯನ್ನು ಹೆಚ್ಚಿಸಿ ಕುಗ್ಗಿಸಿ ತಿದ್ದಲಾಗುತ್ತದೆ. ಆಗ ದತ್ತಾಂಶವು ಕ್ಲಾಕಿನ ಜೊತೆಗೇ ಹೊರಟಂತಾಗುತ್ತದೆ. ಡಿಡಿಆರ್3ರಲ್ಲಿ ಈ ಹೊಂದಾಣಿಕೆ ನೆಲೆಗೊಳ್ಳಲು 512 ಆವರ್ತಗಳನ್ನು ಮೀಸಲಿಡಲಾಗಿದೆ. ಫೇಸ್ ಲಾಕ್ಡ್ ಲೂಪಿನಲ್ಲಿರುವಂಥ ಸ್ವಂತ ಆಂದೋಲಕ ಡಿಎಲ್‌ಎಲ್‌ಗೆ ಇಲ್ಲ. ಆದ್ದರಿಂದ ಅಂಚುಗಳ ನಡುಕ ಆವರ್ತದಿಂದ ಆವರ್ತಕ್ಕೆ ಕೂಡುತ್ತ ಹೋಗುವುದಿಲ್ಲ. ಆದರೆ ಡಿಎಲ್‌ಎಲ್ ವಿದ್ಯುತ್ತನ್ನು ತಿನ್ನುತ್ತದೆ. ಬ್ಯಾಟರಿ ಉಳಿಸಬೇಕಾದ ಮೊಬೈಲ್‌ಗಳ ಎಲ್‌ಪಿಡಿಡಿಆರ್ ಚಿಪ್‌ಗಳಲ್ಲಿ ಅದನ್ನು ಬಿಟ್ಟು, ಹೊಂದಿಸುವ ಹೊಣೆಯನ್ನು ಕಂಟ್ರೋಲರಿಗೆ ವಹಿಸಲಾಗಿದೆ.

ಚಿಪ್ಪಿನ ಹೊರಗೆ ದೊಡ್ಡ ತಿರುವು ಬಂದದ್ದು 2007ರ ಡಿಡಿಆರ್3 ಮಾನದಂಡದಿಂದ. ಕ್ಲಾಕ್ ಮತ್ತು ಆದೇಶದ ಗೆರೆಗಳನ್ನು ಕವಲೊಡೆಸಿ ಎಲ್ಲ ಚಿಪ್‌ಗಳಿಗೂ ಒಟ್ಟಿಗೆ ತಲುಪಿಸುವ ಹಳೆಯ ಕ್ರಮದಲ್ಲಿ ಪ್ರತಿಫಲನಗಳು ಹೆಚ್ಚಿ ಸಂಕೇತ ಕೆಡುತ್ತಿತ್ತು. ಆ ಗೆರೆಗಳನ್ನು ಒಂದು ಚಿಪ್ಪಿನಿಂದ ಮುಂದಿನದಕ್ಕೆ ಸಾಲಾಗಿ ಒಯ್ಯುವ ಫ್ಲೈ-ಬೈ ಜೋಡಣೆ ಬಂತು. ಪ್ರತಿಫಲನ ತಗ್ಗಿತು, ಆದರೆ ಚಿಪ್‌ಗಳನ್ನು ಕೂರಿಸಿದ, ಸುಮಾರು 133 ಮಿಲಿಮೀಟರ್ ಉದ್ದದ ಮಾಡ್ಯೂಲಿನ ಒಂದು ತುದಿಯ ಚಿಪ್ಪಿಗಿಂತ ಇನ್ನೊಂದು ತುದಿಯದಕ್ಕೆ ಕ್ಲಾಕ್ ಬಹಳ ತಡವಾಗಿ ಮುಟ್ಟತೊಡಗಿತು. ಈ ವ್ಯತ್ಯಾಸವನ್ನು ತುಂಬಿಕೊಡುವ ವಿಧಾನವೇ ರೈಟ್ ಲೆವೆಲಿಂಗ್. ಕಂಟ್ರೋಲರ್ ಸ್ಟ್ರೋಬನ್ನು ಸಣ್ಣ ಸಣ್ಣ ಹೆಜ್ಜೆಗಳಲ್ಲಿ ತಡಮಾಡುತ್ತ ಹೋಗುತ್ತದೆ. ಪ್ರತಿ ಸಲವೂ ಚಿಪ್ ಸ್ಟ್ರೋಬ್ ಮುಟ್ಟಿದ ಗಳಿಗೆಯಲ್ಲಿ ತನ್ನ ಬಳಿ ಕ್ಲಾಕ್ 0 ಆಗಿತ್ತೋ 1 ಆಗಿತ್ತೋ ಎಂದು ದತ್ತಾಂಶದ ಗೆರೆಯ ಮೇಲೆ ಉತ್ತರಿಸುತ್ತದೆ. ಉತ್ತರ 0ಯಿಂದ 1ಕ್ಕೆ ಬದಲಾಗುವ ಹೆಜ್ಜೆಯೇ ಆ ಚಿಪ್ಪಿಗೆ ತಕ್ಕ ವಿಳಂಬ. ಬೋರ್ಡನ್ನು ಕರಾರುವಾಕ್ಕಾಗಿ ಮಾಡಲು ಹೆಣಗುವ ಬದಲು, ಇರುವ ಬೋರ್ಡನ್ನು ಅಳೆದು ಅದಕ್ಕೆ ಹೊಂದಿಕೊಂಡ ಈ ಉಪಾಯ ಮೆಮೊರಿ ವಿನ್ಯಾಸದ ಅತ್ಯಂತ ಸುಂದರ ಸಾಧನೆಗಳಲ್ಲೊಂದು.

ಹೀಗೆ ಅಳೆದು ಹೊಂದಿಸಿಕೊಳ್ಳುವುದಕ್ಕೆ ತರಬೇತಿ ಎನ್ನುತ್ತಾರೆ. ಓದುವ ದಿಕ್ಕಿನ ತರಬೇತಿಯೂ ಇದೇ ಬಗೆಯದು. ಚಿಪ್ ಮೊದಲೇ ಗೊತ್ತಿರುವ ಬಿಟ್‌ಗಳ ಮಾದರಿಯನ್ನು ಕಳಿಸುತ್ತದೆ. ಕಂಟ್ರೋಲರ್ ತಪ್ಪು ಬರುವ ಎರಡೂ ಅಂಚುಗಳನ್ನು ಹುಡುಕಿ ಅವುಗಳ ಮಧ್ಯಬಿಂದುವಿನಲ್ಲಿ ನೆಲೆ ಹಿಡಿಯುತ್ತದೆ. ಸಂಕೇತದ ಆಕಾರ ಕೆಟ್ಟರೂ ಕಾಲ ತಪ್ಪುವುದರಿಂದ, ಹೊರಗಿಟ್ಟ 240 ಓಮ್ ರೆಸಿಸ್ಟರನ್ನು ಅಳತೆಗೋಲಾಗಿಸಿಕೊಂಡು ಚಿಪ್ ತನ್ನ ಚಾಲಕ ಮಂಡಲಗಳ ರೋಧವನ್ನು ಆಗಾಗ ಸರಿಪಡಿಸಿಕೊಳ್ಳುತ್ತದೆ. 2020ರ ಡಿಡಿಆರ್5 ಇನ್ನೆರಡನ್ನು ಸೇರಿಸಿತು: ಕ್ಲಾಕಿನ ಏರು ಇಳಿತಗಳ ನಡುವಿನ ಕಾಲವನ್ನು ಸಮ ಮಾಡುವ ಸೌಲಭ್ಯ, ಹಿಂದಿನ ಬಿಟ್‌ಗಳು ಉಳಿಸಿಹೋದ ಕಲಬೆರಕೆಯನ್ನು ಕಳೆಯುವ ಸಮಕಾರಿ.

ಈ ತರಬೇತಿಯೆಲ್ಲ ನಡೆಯುವುದು ಯಂತ್ರ ಆನ್ ಆಗುವಾಗ. ಹೊಸ ಡಿಡಿಆರ್5 ಮೆಮೊರಿಯನ್ನು ಜೋಡಿಸಿ ಮೊದಲ ಸಲ ಕಂಪ್ಯೂಟರ್ ಹಚ್ಚಿದಾಗ ಪರದೆ ಕೆಲವು ನಿಮಿಷ ಕಪ್ಪಾಗಿಯೇ ಉಳಿಯಬಹುದು. ಯಂತ್ರ ಕೆಟ್ಟಿತೆಂದು ಆ ಹೊತ್ತಿನಲ್ಲಿ ವಿದ್ಯುತ್ ಕಡಿಯದೆ ಕಾಯಬೇಕು.