ಅಂಕಿ ಒಂದೇ, ಅರ್ಥ ಎರಡು

ಹಿಂದಿನ ಕಾಲದ ಸಂತೆಯಲ್ಲಿ ‘ಹತ್ತು ಸೇರು’ ಎಂದ ಮಾತ್ರಕ್ಕೆ ವ್ಯಾಪಾರ ಕುದುರುತ್ತಿರಲಿಲ್ಲ. ಸೇರು ಅಳತೆಯೂ ಹೌದು, ತೂಕವೂ ಹೌದು. ಅದರಲ್ಲೂ ಕಚ್ಚಾ ಸೇರು, ಪಕ್ಕಾ ಸೇರು ಎಂಬ ಭೇದ. ಸೀಮೆಯಿಂದ ಸೀಮೆಗೆ ಬದಲಾಗುತ್ತಿದ್ದ ಈ ಲೆಕ್ಕವನ್ನು ಬಲ್ಲವನು ‘ಯಾವ ಸೇರು?’ ಎಂದು ಕೇಳಿಕೊಂಡೇ ದುಡ್ಡು ಎಣಿಸುತ್ತಿದ್ದ. 1956ರ ತೂಕ ಮತ್ತು ಅಳತೆಗಳ ಕಾಯ್ದೆ ಬಂದು, ಕಿಲೋ ಮತ್ತು ಲೀಟರುಗಳು ರೂಢಿಯಾದ ಮೇಲೆ ಆ ಪ್ರಶ್ನೆ ಸಂತೆಯಿಂದ ಮೆಲ್ಲನೆ ಮರೆಯಾಯಿತು. ಆದರೆ ಗಣಕಯಂತ್ರಗಳ ಲೋಕದಲ್ಲಿ ಅದೇ ಪ್ರಶ್ನೆ ಮತ್ತೆ ತಲೆಯೆತ್ತಿದೆ. ತೊಡಕೆಂದರೆ, ಗಣಕ ತಾನಾಗಿ ಅದನ್ನು ಕೇಳುವುದಿಲ್ಲ.

ಕೇಳದಿದ್ದರೆ ಏನಾದೀತು ಎಂಬುದನ್ನು ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾ 1999ರಲ್ಲಿ ಕಂಡಿತು. ಮಂಗಳ ಗ್ರಹದ ಹವಾಮಾನವನ್ನು ಅರಿಯಲು 1998ರ ಡಿಸೆಂಬರ್ 11ರಂದು ಹೊರಟ ‘ಮಾರ್ಸ್ ಕ್ಲೈಮೇಟ್ ಆರ್ಬಿಟರ್’ ನೌಕೆ ಒಂಬತ್ತು ತಿಂಗಳಿಗೂ ಹೆಚ್ಚು ಕಾಲ ಪಯಣಿಸಿ, 1999ರ ಸೆಪ್ಟೆಂಬರ್ 23ರಂದು ಗ್ರಹದ ಮರೆಗೆ ಸರಿಯಿತು. ಮತ್ತೆ ಅದರ ಸುಳಿವು ಸಿಗಲಿಲ್ಲ. ದಾರಿಯುದ್ದಕ್ಕೂ ನೌಕೆಯ ಪುಟ್ಟ ರಾಕೆಟ್‌ಗಳನ್ನು ಆಗಾಗ ಉರಿಸಲಾಗುತ್ತಿತ್ತು. ಪ್ರತಿ ಸಲವೂ ನೌಕೆಗೆ ಎಷ್ಟು ನೂಕು ಸಿಕ್ಕಿತೆಂಬುದನ್ನು ಅದನ್ನು ಕಟ್ಟಿದ ಲಾಕ್‌ಹೀಡ್ ಮಾರ್ಟಿನ್ ಕಂಪನಿಯ ತಂತ್ರಾಂಶ ಪೌಂಡ್-ಸೆಕೆಂಡುಗಳಲ್ಲಿ ಲೆಕ್ಕಹಾಕಿ ಕೊಡುತ್ತಿತ್ತು. ಕ್ಯಾಲಿಫೋರ್ನಿಯಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯಲ್ಲಿ ಪಥ ಗುಣಿಸುತ್ತಿದ್ದ ತಂತ್ರಾಂಶ ಅದನ್ನೇ ನ್ಯೂಟನ್-ಸೆಕೆಂಡು ಎಂದು ಓದಿಕೊಳ್ಳುತ್ತಿತ್ತು. ಎರಡರ ನಡುವೆ ಸುಮಾರು 4.45 ಪಟ್ಟು ಅಂತರ. ಮಂಗಳದ ನೆಲದಿಂದ 226 ಕಿಲೋಮೀಟರ್ ಎತ್ತರದಲ್ಲಿ ಹಾಯಬೇಕಾಗಿದ್ದ ನೌಕೆ ಸುಮಾರು 57 ಕಿಲೋಮೀಟರಿಗೆ ಇಳಿದು ವಾಯುಮಂಡಲಕ್ಕೆ ಸಿಕ್ಕಿತು.

ಇಲ್ಲಿ ಯಾವ ಗಣಕವೂ ಕೂಡಿ ಕಳೆಯುವುದರಲ್ಲಿ ತಪ್ಪಿರಲಿಲ್ಲ. ತನ್ನ ತನ್ನ ಭಾಷೆಯಲ್ಲಿ ಪ್ರತಿಯೊಂದೂ ಸರಿಯಾಗಿಯೇ ಇತ್ತು. ಮೆಟ್ರಿಕ್ ಮಾನದಲ್ಲೇ ಲೆಕ್ಕ ಕೊಡಬೇಕೆಂಬ ಕರಾರೂ ಕಾಗದದ ಮೇಲಿತ್ತು. ಅಂಕಿ ಮಾತ್ರ ಆ ಕಡೆಯಿಂದ ಈ ಕಡೆಗೆ ದಾಟಿತು, ಅರ್ಥ ದಾಟಲಿಲ್ಲ.

ಸಂಕೇತ ಬೇರೆ, ಅರ್ಥ ಬೇರೆ ಎಂಬ ಈ ವಿವೇಕ ಗಣಕಗಳ ಕಾಲದ್ದಷ್ಟೇ ಅಲ್ಲ. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ 1933ರಲ್ಲಿ ‘ಕೋಲನ್ ವರ್ಗೀಕರಣ’ ಪದ್ಧತಿಯನ್ನು ಪ್ರಕಟಿಸಿದವರು. ಮುಂದೆ ಅವರು ವರ್ಗೀಕರಣದ ಕೆಲಸವನ್ನು ಮೂರು ನೆಲೆಗಳಾಗಿ ಬಿಡಿಸಿದರು: ವಿಚಾರದ ನೆಲೆ, ಪದದ ನೆಲೆ, ಸಂಕೇತದ ನೆಲೆ. ಮೊದಲು ವಿಷಯವೇನೆಂದು ತೀರ್ಮಾನವಾಗಬೇಕು, ಬಳಿಕ ಅದಕ್ಕೊಂದು ಹೆಸರು, ಕಡೆಗೆ ಕಪಾಟಿನ ಸಂಖ್ಯೆ. ಅವರು 1962ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ‘ಡಾಕ್ಯುಮೆಂಟೇಷನ್ ರಿಸರ್ಚ್ ಅಂಡ್ ಟ್ರೈನಿಂಗ್ ಸೆಂಟರ್’ ಈ ವಿಚಾರಸರಣಿಯನ್ನು ಬೆಳೆಸಿತು. ಮಂಗಳನೌಕೆಯ ಕಥೆಯನ್ನು ಅವರ ಮಾತಿನಲ್ಲಿ ಹೇಳುವುದಾದರೆ, ಸಂಕೇತದ ನೆಲೆಯಲ್ಲಿ ಕೈಕುಲುಕಿದ ಇಬ್ಬರು ವಿಚಾರದ ನೆಲೆಯಲ್ಲಿ ಭೇಟಿಯೇ ಆಗಿರಲಿಲ್ಲ.

ಗಣಕ ವಿಜ್ಞಾನಿಗಳೂ ಇದೇ ಜಾಡಿಗೆ ಬಂದರು. ಇರವಿನ ಬಗೆಗಳನ್ನು ಚರ್ಚಿಸುವ ತತ್ತ್ವಶಾಸ್ತ್ರದ ಶಾಖೆಗೆ ‘ಆಂಟಾಲಜಿ’ ಎಂದು ಹೆಸರು. ಆ ಪದವನ್ನು ಎರವಲು ಪಡೆದು, ಒಂದು ಕ್ಷೇತ್ರದಲ್ಲಿ ಏನೇನು ವಸ್ತುಗಳಿವೆ, ಅವುಗಳ ನಂಟೇನು ಎಂಬುದನ್ನು ಯಂತ್ರ ಓದಬಲ್ಲಂತೆ ಬರೆದಿಡುವ ಕ್ರಮವನ್ನು ಸ್ಟ್ಯಾನ್‌ಫರ್ಡ್‌ನ ಟಾಮ್ ಗ್ರೂಬರ್ 1993ರಲ್ಲಿ ವಿವರಿಸಿದರು. ವೆಬ್‌ನ ಜನಕ ಟಿಮ್ ಬರ್ನರ್ಸ್-ಲೀ ಮತ್ತು ಸಂಗಡಿಗರು 2001ರಲ್ಲಿ, ಅರ್ಥವನ್ನೂ ಹೊತ್ತು ತರುವ ‘ಸೆಮ್ಯಾಂಟಿಕ್ ವೆಬ್’ನ ಕನಸನ್ನು ಮುಂದಿಟ್ಟರು. ಅದಕ್ಕೆಂದೇ ರೂಪಿಸಿದ ‘ಔಲ್’ ಎಂಬ ಭಾಷೆಗೆ 2004ರಲ್ಲಿ ಮನ್ನಣೆ ದೊರೆಯಿತು.

ಇದು ಪಂಡಿತರ ಗೊಡವೆ ಎಂದು ನಾವು ಸುಮ್ಮನಿರುವಂತಿಲ್ಲ. ನಮ್ಮಲ್ಲಿ ರಕ್ತದ ಸಕ್ಕರೆಯನ್ನು ಡೆಸಿಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಅಳೆಯುತ್ತಾರೆ, ಬ್ರಿಟನ್ನಿನಲ್ಲಿ ಲೀಟರಿಗೆ ಇಷ್ಟು ಮಿಲಿಮೋಲ್ ಎಂದು. ನಮ್ಮ 126 ಅಲ್ಲಿ 7. ಮಾನವನ್ನು ಬಿಟ್ಟು ಬರೇ ಅಂಕಿ ರವಾನೆಯಾದರೆ ಒಬ್ಬರ ‘7’ ಇನ್ನೊಬ್ಬರ ಪರದೆಯಲ್ಲಿ ಪ್ರಾಣಾಪಾಯದ ಸೂಚನೆಯಾಗಿ ಕಂಡೀತು. ‘ಅವರಿಗೆ ಸಕ್ಕರೆ ಇದೆ’ ಎಂದರೆ ನಮ್ಮೂರ ವೈದ್ಯರಿಗೆ ತಿಳಿಯುತ್ತದೆ, ಯಂತ್ರಕ್ಕೆ ಹೇಳಿಕೊಡಬೇಕು. ಅದಕ್ಕಾಗಿಯೇ ಅಮೆರಿಕ ಮತ್ತು ಬ್ರಿಟನ್ನಿನ ಎರಡು ವೈದ್ಯಕೀಯ ಪದಕೋಶಗಳನ್ನು ಬೆಸೆದು 2002ರಲ್ಲಿ ‘ಸ್ನೋಮೆಡ್ ಸಿಟಿ’ಯನ್ನು ಹೊರತಂದರು. ಅದರಲ್ಲಿ ಪ್ರತಿ ಪರಿಕಲ್ಪನೆಗೂ ಒಂದೊಂದು ಸಂಖ್ಯೆ, ಆ ಸಂಖ್ಯೆಯ ಕೆಳಗೆ ಹಲವು ಹೆಸರುಗಳು. 2014ರಲ್ಲಿ ಭಾರತವೂ ಈ ಕೂಟವನ್ನು ಸೇರಿತು. 2021ರಲ್ಲಿ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ದೇಶದಾದ್ಯಂತ ಆರಂಭವಾದ ಮೇಲೆ, ಒಂದು ಆಸ್ಪತ್ರೆಯ ದಾಖಲೆಯನ್ನು ಇನ್ನೊಂದು ಓದಿ ಅರ್ಥಮಾಡಿಕೊಳ್ಳಬೇಕಾದ ಅಗತ್ಯ ಮನೆಮನೆಯ ಮಾತಾಗಿದೆ.

ಹಾಗೆಂದು ಒಂದು ಮಹಾಕೋಶ ಬರೆದುಬಿಟ್ಟರೆ ಎಲ್ಲ ಸರಿಹೋಗುತ್ತದೆಯೇ? ಅದು ಸುಲಭವಲ್ಲ. ಆಸ್ಪತ್ರೆಗೆ ರೋಗಿಯಾದವನು ವಿಮಾ ಕಂಪನಿಗೆ ಪಾಲಿಸಿದಾರ, ಔಷಧಿ ಅಂಗಡಿಗೆ ಗಿರಾಕಿ. ಮನುಷ್ಯ ಒಬ್ಬನೇ ಆದರೂ ಅವನನ್ನು ಕಾಣುವ ಕಣ್ಣು ಬೇರೆ ಬೇರೆ. ಅವರವರ ಕೆಲಸಕ್ಕೆ ಅವರವರ ನೋಟ ಬೇಕೇ ಬೇಕು. ಒಂದರಿಂದ ಇನ್ನೊಂದಕ್ಕೆ ದಾಟುವ ಕಡೆ ಏನು ಉಳಿಯಬೇಕು, ಯಾವುದಕ್ಕೆ ಯಾವುದು ಸಮ ಎಂಬುದನ್ನು ಎರಡೂ ಕಡೆಯ ಜನ ಎದುರುಬದುರು ಕೂತು ಗೊತ್ತುಮಾಡಬೇಕು. ಹಾಗೆ ನಡೆಯುತ್ತಿದೆಯೇ ಎಂದು ಮತ್ತೆ ಮತ್ತೆ ಪರೀಕ್ಷಿಸಬೇಕು. ತಂತ್ರಾಂಶ ಆ ಒಪ್ಪಂದವನ್ನು ಕಾಯಬಲ್ಲದು. ಆದರೆ ‘ಯಾವ ಸೇರು?’ ಎಂದು ಮೊದಲು ಕೇಳಬೇಕಾದವರು ನಾವೇ.