ಹಿನ್ನೆಲೆ ಬೇರ್ಪಡಿಕೆ (ಡಿಜಿಟಲ್ ಛಾಯಾಚಿತ್ರ)

ಫೋಟೊದಲ್ಲಿರುವ ವ್ಯಕ್ತಿಯನ್ನೋ ವಸ್ತುವನ್ನೋ ಹಿನ್ನೆಲೆಯಿಂದ ಬಿಡಿಸಿ, ಬೇರೆ ಚಿತ್ರದ ಮೇಲೆ ಕೂರಿಸಲು ಸಿದ್ಧಗೊಳಿಸುವ ಕ್ರಮ. ಪಾಸ್‌ಪೋರ್ಟ್ ಫೋಟೊ, ಮದುವೆ ಆಲ್ಬಮ್, ಫ್ಲೆಕ್ಸ್ ಬ್ಯಾನರ್‌ಗಳಲ್ಲಿ ಇದರ ಬಳಕೆ ಹೆಚ್ಚು.

ಪಾತ್ರೆ, ಮೊಬೈಲ್‌ನಂಥ ಗಟ್ಟಿ ಅಂಚಿನ ವಸ್ತುಗಳಿಗೆ ಫೋಟೊ ಸಂಪಾದನಾ ತಂತ್ರಾಂಶದ ಪೆನ್ ಟೂಲ್ ಇಂದಿಗೂ ನಂಬಬಹುದಾದ ಸಾಧನ. ಅಂಚಿನಗುಂಟ ಬಿಂದುಗಳನ್ನಿಟ್ಟು ಬೆಝಿಯರ್ ವಕ್ರರೇಖೆಗಳಿಂದ ಜೋಡಿಸುತ್ತ ಹೋಗಬೇಕು. ರೇಖೆ ಒಂದು ಪಿಕ್ಸೆಲ್‌ನಷ್ಟು ಒಳಗಿದ್ದರೆ ಹಳೆಯ ಹಿನ್ನೆಲೆಯ ಗೆರೆ ಉಳಿಯುವುದಿಲ್ಲ. ಒಂದೇ ಬಣ್ಣದ ಹಿನ್ನೆಲೆಗೆ, ಹೋಲುವ ಬಣ್ಣದ ಭಾಗವನ್ನು ಒಂದೇ ಕ್ಲಿಕ್‌ನಲ್ಲಿ ಆಯ್ದುಕೊಳ್ಳುವ ಮ್ಯಾಜಿಕ್ ವಾಂಡ್ ಸಾಕು. ಹಿನ್ನೆಲೆಯನ್ನು ಅಳಿಸುವ ಬದಲು ಲೇಯರ್ ಮಾಸ್ಕ್‌ನಿಂದ ಮರೆಮಾಡುವುದೇ ಸರಿಯಾದ ರೂಢಿ: ಬಿಳಿ ತೋರಿಸುತ್ತದೆ, ಕಪ್ಪು ಮರೆಸುತ್ತದೆ, ತಪ್ಪಿದರೆ ಬ್ರಷ್‌ನಿಂದ ತಿದ್ದಬಹುದು.

ನಿಜವಾದ ಕಷ್ಟ ಕೂದಲಿನದು. ಎಳೆಗಳು ಪಿಕ್ಸೆಲ್‌ಗಿಂತ ತೆಳುವಾಗಿದ್ದಾಗ ಕೂದಲು, ಹಿನ್ನೆಲೆ ಎರಡರ ಬಣ್ಣವೂ ಅಲ್ಲಿ ಬೆರೆತಿರುತ್ತದೆ. ಯಾವುದರ ಪಾಲು ಎಷ್ಟೆಂಬುದನ್ನು ಆಲ್ಫಾ ಮೌಲ್ಯ (8 ಬಿಟ್ ಮಾಸ್ಕ್‌ನಲ್ಲಿ 0ಯಿಂದ 255) ಸೂಚಿಸುತ್ತದೆ. ಆಲ್ಫಾ ಬಳಸಿ ಚಿತ್ರಗಳನ್ನು ಕೂಡಿಸುವ ಗಣಿತವನ್ನು ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ 1984ರಲ್ಲಿ ವ್ಯವಸ್ಥಿತವಾಗಿ ನಿರೂಪಿಸಿದರು. ನುರಿತವರು ಕೆಂಪು, ಹಸಿರು, ನೀಲಿ ಚಾನೆಲ್‌ಗಳ ಪೈಕಿ ಕೂದಲು ಚೆನ್ನಾಗಿ ಎದ್ದು ಕಾಣುವುದನ್ನು ನಕಲು ಮಾಡಿ, ಲೆವೆಲ್ಸ್ ಎಂಬ ಸಾಧನದಿಂದ ಕಪ್ಪುಬಿಳುಪಿನ ವ್ಯತ್ಯಾಸ ಹೆಚ್ಚಿಸಿ ಮಾಸ್ಕ್ ಮಾಡಿಕೊಳ್ಳುತ್ತಾರೆ. ಹುಲ್ಲುಹಾಸಿನ ಮುಂದೆ ತೆಗೆದ ಚಿತ್ರವಾದರೆ ಇಷ್ಟಾದರೂ ಕೂದಲಂಚಿನಲ್ಲಿ ಹಸಿರು ಛಾಯೆ ಉಳಿದೀತು. ಅದನ್ನು ಪ್ರತ್ಯೇಕವಾಗಿ ತೆಗೆಯಬೇಕು.

ಈ ಕೆಲಸವನ್ನು ಹಗುರಗೊಳಿಸುವ ಸ್ವಯಂಚಾಲಿತ ವಿಧಾನಗಳೂ ಇವೆ. 2004ರ ಗ್ರ್ಯಾಬ್‌ಕಟ್ ವಿಧಾನದಲ್ಲಿ ವಸ್ತುವಿನ ಸುತ್ತ ಚೌಕಟ್ಟು ಎಳೆದರೆ ಉಳಿದದ್ದನ್ನು ಬಹುಪಾಲು ಕಂಪ್ಯೂಟರ್ ಲೆಕ್ಕ ಹಾಕುತ್ತದೆ. 2023ರಲ್ಲಿ ಮೆಟಾ ಬಿಡುಗಡೆ ಮಾಡಿದ ಸೆಗ್ಮೆಂಟ್ ಎನಿಥಿಂಗ್ ಎಂಬ ಎಐ ಮಾದರಿಗೆ ಒಂದು ಕ್ಲಿಕ್ ಸಾಕಾಗಬಹುದು. ಆದರೂ ಗಾಜಿನ ಲೋಟ, ಸೀರೆಯ ತೆಳು ಸೆರಗು, ಬಳೆಗಳ ನಡುವಿನ ಸಂದುಗಳಲ್ಲಿ ಸ್ವಯಂಚಾಲಿತ ಮಾಸ್ಕ್ ಎಡವುವುದುಂಟು. ಮುದ್ರಣಕ್ಕೆ ಕಳಿಸುವ ಮುನ್ನ ಚಿತ್ರವನ್ನು ಹಿಗ್ಗಿಸಿ ಅಂಚುಗಳನ್ನು ಕಣ್ಣಾರೆ ನೋಡಲೇಬೇಕು.