ಬ್ಯಾಕಪ್ ಪೆಟ್ಟಿಗೆ ತರುವ ಮೊದಲು ವೈರ್, ಸ್ವಿಚ್ ಲೆಕ್ಕ ಹಾಕ್ರಿ: ಅಂಗಡಿ, ಕಚೇರಿಗಳಿಗೆ ಪೂರ್ಣ ಮಾಹಿತಿ

ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಅಡತಿ ಅಂಗಡಿ, ಕಿರಾಣಿ ಹೋಲ್‌ಸೇಲ್, ಗೊಬ್ಬರ-ಬೀಜದ ಅಂಗಡಿ, ಮೆಡಿಕಲ್, ಫೋಟೋ ಸ್ಟುಡಿಯೋಗಳಲ್ಲಿ ಈಗ ಲೆಕ್ಕ ಇರುವುದು ಹೆಚ್ಚಾಗಿ ಕಂಪ್ಯೂಟರ್‌ನಲ್ಲೇ. ಉದ್ರಿ ಖಾತೆ, ಸ್ಟಾಕ್, ಜಿಎಸ್‌ಟಿ ಬಿಲ್ಲು ಎಲ್ಲವೂ ಒಂದೇ ಹಾರ್ಡ್‌ಡಿಸ್ಕ್‌ನಲ್ಲಿ ಇದ್ದು, ಅದು ಒಂದು ದಿನ ಕೈಕೊಟ್ಟರೆ ಯಾರಿಂದ ಎಷ್ಟು ರೊಕ್ಕ ಬರಬೇಕು ಅನ್ನೋದೇ ಗೊತ್ತಾಗಲ್ಲ.

ಇದು ಬರೀ ವ್ಯಾಪಾರದ ಮಾತಲ್ಲ, ಕಾನೂನಿನ ಮಾತೂ ಹೌದು. ಜಿಎಸ್‌ಟಿ ನೋಂದಣಿ ಇರುವವರು ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನಾಂಕದಿಂದ 72 ತಿಂಗಳು, ಅಂದರೆ 6 ವರ್ಷ, ಲೆಕ್ಕಪತ್ರ ಕಾಪಾಡಬೇಕು ಎಂದು ಸಿಜಿಎಸ್‌ಟಿ ಕಾಯ್ದೆಯ 36ನೇ ಕಲಂ ಹೇಳುತ್ತದೆ. ಲೆಕ್ಕ ಕಂಪ್ಯೂಟರ್‌ನಲ್ಲಿದ್ದರೆ ಅದರ ಬ್ಯಾಕಪ್ ಇಡಬೇಕು, ಅವಘಡವಾದರೆ ಸೂಕ್ತ ಸಮಯದಲ್ಲಿ ಮರಳಿ ಪಡೆಯುವಂತಿರಬೇಕು ಎಂದು 57ನೇ ನಿಯಮ ಹೇಳುತ್ತದೆ.

ಇದಕ್ಕಾಗಿ ಕೆಲವರು ನ್ಯಾಸ್ ಎಂಬ ಬ್ಯಾಕಪ್ ಪೆಟ್ಟಿಗೆ ತರುತ್ತಾರೆ. ಎರಡು ಅಥವಾ ಹೆಚ್ಚು ಡಿಸ್ಕ್ ಇರುವ ಈ ಪೆಟ್ಟಿಗೆ ಅಂಗಡಿಯ ಎಲ್ಲ ಕಂಪ್ಯೂಟರ್‌ಗಳ ಪ್ರತಿಯನ್ನು ರಾತ್ರಿ ತಾನೇ ತೆಗೆದಿಡುತ್ತದೆ. ಆದರೆ ಪೆಟ್ಟಿಗೆಗೆ ಸಾವಿರಾರು ರೂಪಾಯಿ ಕೊಟ್ಟು, ವೈರ್ ಮತ್ತು ಸ್ವಿಚ್ ಮಾತ್ರ ಸಿಕ್ಕಿದ್ದು ಹಾಕಿದರೆ ಬ್ಯಾಕಪ್ ಬೆಳಗಾದರೂ ಮುಗಿಯಲ್ಲ. ಅರ್ಧಕ್ಕೆ ನಿಂತ ಬ್ಯಾಕಪ್ ಬೇಕಾದಾಗ ಕೈಗೆ ಸಿಗಲ್ಲ.

ವೇಗದ ಲೆಕ್ಕ ಮೊದಲು

ಹಳೆಯ ಸ್ವಿಚ್ ಮತ್ತು ಕಡಿಮೆ ಬೆಲೆಯ ಹಲವು ರೂಟರ್‌ಗಳ ಪೋರ್ಟ್ 100 ಎಂಬಿಪಿಎಸ್ ವೇಗದ್ದು. ಇದರಲ್ಲಿ ಸೆಕೆಂಡಿಗೆ ಸುಮಾರು 11 ಎಂಬಿ ಹೋಗುತ್ತದೆ. ಗಿಗಾಬಿಟ್ ಪೋರ್ಟ್ ಆದರೆ ಸೆಕೆಂಡಿಗೆ 100 ಎಂಬಿ ಆಸುಪಾಸು.

- 200 ಜಿಬಿ ಡೇಟಾ: 100 ಎಂಬಿಪಿಎಸ್‌ನಲ್ಲಿ ಸುಮಾರು 5 ಗಂಟೆ, ಗಿಗಾಬಿಟ್‌ನಲ್ಲಿ ಅರ್ಧ-ಮುಕ್ಕಾಲು ಗಂಟೆ.
- 1 ಟಿಬಿ ಡೇಟಾ (ಮದುವೆ ವಿಡಿಯೋ ಇಡುವ ಸ್ಟುಡಿಯೋಗಳಿಗೆ ಇದು ದೊಡ್ಡದಲ್ಲ): 100 ಎಂಬಿಪಿಎಸ್‌ನಲ್ಲಿ ಒಂದು ದಿನಕ್ಕೂ ಹೆಚ್ಚು, ಗಿಗಾಬಿಟ್‌ನಲ್ಲಿ ಸುಮಾರು 3 ಗಂಟೆ.

ಡಿಸ್ಕ್ ನಿಧಾನ ಇದ್ದರೆ, ಸಣ್ಣ ಸಣ್ಣ ಫೈಲ್ ಬಹಳ ಇದ್ದರೆ ಇನ್ನೂ ಹೊತ್ತು ಹಿಡಿಯುತ್ತದೆ. ಮೊದಲ ಸಲ ಪೂರ್ತಿ ಪ್ರತಿ ಹೋಗುತ್ತದೆ, ಆಮೇಲೆ ದಿನಾ ಬದಲಾದದ್ದು ಮಾತ್ರ. ಆದರೆ ಡಿಸ್ಕ್ ಹೋದಾಗ ಪೂರ್ತಿ ಡೇಟಾ ಇದೇ ವೈರ್‌ನಲ್ಲಿ ವಾಪಸ್ ಬರಬೇಕು. ತೊಗರಿ ಸೀಜನ್‌ನಲ್ಲಿ ಗಿರಾಕಿ ಬಾಗಿಲಲ್ಲಿ ನಿಂತಾಗ ಆ ಗಂಟೆಗಳ ಬೆಲೆ ಗೊತ್ತಾಗುತ್ತದೆ. ಪೆಟ್ಟಿಗೆಯನ್ನು ವೈಫೈಗೆ ನೆಚ್ಚಿ ಇಡಬ್ಯಾಡ್ರಿ.

ಹಾಳೆ ಮೇಲೆ ನಕ್ಷೆ

ಒಂದು ಹಾಳೆ ತಗೊಂಡು ಅಂಗಡಿಯ ನಕ್ಷೆ ಬರೀರಿ. ಕಂಪ್ಯೂಟರ್ ಎಲ್ಲಿ, ಪ್ರಿಂಟರ್ ಎಲ್ಲಿ, ಇಂಟರ್ನೆಟ್ ರೂಟರ್ ಎಲ್ಲಿ, ಬ್ಯಾಕಪ್ ಪೆಟ್ಟಿಗೆ ಎಲ್ಲಿ ಅಂತ ಗುರುತು ಹಾಕ್ರಿ. ಪ್ರತಿಯೊಂದರಿಂದ ಸ್ವಿಚ್‌ಗೆ ಒಂದೊಂದು ವೈರ್. ಉದಾಹರಣೆಗೆ 4 ಕಂಪ್ಯೂಟರ್, 1 ಪ್ರಿಂಟರ್, 1 ಬ್ಯಾಕಪ್ ಪೆಟ್ಟಿಗೆ, 1 ರೂಟರ್ ಆದರೆ 7 ಪೋರ್ಟ್ ಬೇಕು. 8 ಪೋರ್ಟ್ ಸ್ವಿಚ್ ತಂದರೆ ಉಳಿಯುವುದು ಒಂದೇ. ಮುಂದೆ ಕಂಪ್ಯೂಟರ್ ಹೆಚ್ಚುವುದಿದ್ದರೆ 16 ಪೋರ್ಟ್‌ನದೇ ತರ್ರಿ.

ಸ್ವಿಚ್ ಜೋಡಿಸುವಾಗ

1. ಎಲ್ಲ ಪೋರ್ಟ್ ಗಿಗಾಬಿಟ್ ಇರುವ ಸ್ವಿಚ್ ಕೇಳ್ರಿ. ಡಬ್ಬಿ ಮೇಲೆ 10/100/1000 ಅಂತ ಇರಬೇಕು. ಬರೀ 10/100 ಇದ್ದರೆ ಬ್ಯಾಡ.
2. ಕಂಪ್ಯೂಟರ್‌ಗಳು ಮತ್ತು ಬ್ಯಾಕಪ್ ಪೆಟ್ಟಿಗೆ ಒಂದೇ ಸ್ವಿಚ್‌ನಲ್ಲಿ ಇರಲಿ. ಸ್ವಿಚ್‌ನಿಂದ ರೂಟರ್‌ಗೆ ಒಂದೇ ವೈರ್ ಸಾಕು. ಹೀಗಿದ್ದರೆ ರೂಟರ್ ನಿಧಾನ ಇದ್ದರೂ, ಇಂಟರ್ನೆಟ್ ಹೋದರೂ ಬ್ಯಾಕಪ್ ನಡೆಯುತ್ತದೆ.
3. ಸ್ವಿಚ್‌ಗೆ ಸ್ವಿಚ್, ಅದಕ್ಕೆ ಮತ್ತೊಂದು ಸ್ವಿಚ್ ಅಂತ ಸರಪಳಿ ಮಾಡಬ್ಯಾಡ್ರಿ. ಮಹಡಿಯ ಎಲ್ಲ ಕಂಪ್ಯೂಟರ್‌ಗಳೂ ಆಗ ನಡುವಿನ ಒಂದೇ ವೈರ್‌ನ ವೇಗ ಹಂಚಿಕೊಳ್ಳಬೇಕಾಗುತ್ತದೆ.
4. ಒಂದೇ ವೈರ್‌ನ ಎರಡೂ ತುದಿ ಒಂದೇ ಸ್ವಿಚ್‌ಗೆ ಸೇರದಂತೆ ನೋಡಿಕೊಳ್ರಿ. ಸಾದಾ ಸ್ವಿಚ್‌ನಲ್ಲಿ ಹೀಗಾದರೆ ಡೇಟಾ ಸುತ್ತಿದಲ್ಲೇ ಸುತ್ತಿ ಇಡೀ ನೆಟ್‌ವರ್ಕ್ ನಿಲ್ಲುತ್ತದೆ.
5. ಪೆಟ್ಟಿಗೆಗೆ ಎರಡು ಲ್ಯಾನ್ ಪೋರ್ಟ್ ಇದ್ದರೆ ಎರಡೂ ಚುಚ್ಚಿದ ಮಾತ್ರಕ್ಕೆ ವೇಗ ಎರಡು ಪಟ್ಟು ಆಗಲ್ಲ. ಅದಕ್ಕೆ ಮ್ಯಾನೇಜ್ಡ್ ಸ್ವಿಚ್ ಮತ್ತು ಸೆಟ್ಟಿಂಗ್ ಬೇಕು. ಸಣ್ಣ ಅಂಗಡಿಗೆ ಒಂದು ಪೋರ್ಟ್ ಸಾಕು.
6. ಸಿಸಿಟಿವಿ ಕ್ಯಾಮೆರಾಗಳಿಗೆ ಬೇರೆ ಸ್ವಿಚ್, ಬೇರೆ ರೆಕಾರ್ಡರ್ ಇರಲಿ. ಹಗಲು ರಾತ್ರಿ ಬರುವ ವಿಡಿಯೋ ಲೆಕ್ಕದ ಬ್ಯಾಕಪ್‌ನ ಜಾಗ ತಿನ್ನಬಾರದು.
7. ಪೆಟ್ಟಿಗೆಗೆ ಬದಲಾಗದ ಐಪಿ ನಂಬರ್ ಕೊಡಿಸ್ರಿ. ನಂಬರ್ ಬದಲಾದರೆ ಕಂಪ್ಯೂಟರ್‌ಗೆ ಪೆಟ್ಟಿಗೆ ಸಿಗದೆ ಬ್ಯಾಕಪ್ ಸದ್ದಿಲ್ಲದೆ ನಿಂತುಬಿಡಬಹುದು.

ವೈರ್ ಪರೀಕ್ಷೆ ಮಾಡಿ ತಗೊಳ್ರಿ

ಕ್ಯಾಟ್ 6 ವೈರ್ ಹಾಕಿಸ್ರಿ. ಈಗಾಗಲೇ ಗೋಡೆಯೊಳಗೆ ಒಳ್ಳೆಯ ಕ್ಯಾಟ್ 5ಇ ವೈರ್ ಇದ್ದರೆ ಕಿತ್ತುಹಾಕಬೇಕಿಲ್ಲ, ಅದೂ ಗಿಗಾಬಿಟ್ ಒಯ್ಯುತ್ತದೆ. ಮಾರುಕಟ್ಟೆಯಲ್ಲಿ ಅಲ್ಯೂಮಿನಿಯಂ ಎಳೆಗೆ ತಾಮ್ರ ಲೇಪಿಸಿದ ಅಗ್ಗದ ವೈರ್ ಕೂಡ ಸಿಗುತ್ತದೆ, ಅದಕ್ಕೆ ಸಿಸಿಎ ಅಂತಾರೆ. ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡ್ರಿ. ಒಳಗೆ ಬೆಳ್ಳಗೆ ಕಂಡರೆ ಅಲ್ಯೂಮಿನಿಯಂ, ಕೆಂಪಗೇ ಇದ್ದರೆ ತಾಮ್ರ. ತಾಮ್ರದ್ದೇ ತಗೊಳ್ರಿ.

ಒಂದು ವೈರ್‌ನ ಉದ್ದ 100 ಮೀಟರ್ ದಾಟಬಾರದು. ಕರೆಂಟ್ ವೈರ್‌ನ ಪಕ್ಕಕ್ಕೆ ಕಟ್ಟದೆ ಕನಿಷ್ಠ ಒಂದು ಅಡಿ ದೂರ ಬಿಡ್ರಿ. ಎರಡೂ ಒಂದೇ ಪೈಪ್‌ನಲ್ಲಿ ಬರಲೇಬಾರದು.

ವೈರ್ ಒಳಗೆ 4 ಜೋಡಿ, ಅಂದರೆ 8 ಎಳೆ ಇರುತ್ತವೆ. ಗಿಗಾಬಿಟ್‌ಗೆ ಎಂಟೂ ಬೇಕು. ಆರ್‌ಜೆ 45 ಕನೆಕ್ಟರ್‌ನ ಎರಡೂ ತುದಿಗೆ ಬಣ್ಣದ ಕ್ರಮ ಒಂದೇ ಇರಲಿ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಕೆಲಸ ಮುಗಿದ ಮೇಲೆ ಕಂಪ್ಯೂಟರ್‌ನ ಈಥರ್ನೆಟ್ ಸೆಟ್ಟಿಂಗ್‌ನಲ್ಲಿ ಲಿಂಕ್ ಸ್ಪೀಡ್ ನೋಡ್ರಿ. 1000 ಬರಬೇಕಾದ ಕಡೆ 100 ಬಂದರೆ ಎಲ್ಲೋ ಒಂದು ಎಳೆ ಸರಿಯಾಗಿ ಕೂತಿಲ್ಲ, ಅಥವಾ ಕಂಪ್ಯೂಟರ್‌ನ ಪೋರ್ಟೇ ಹಳೆಯದು. ಅದು ಗೊತ್ತಾಗುವ ತನಕ ಮಿಸ್ತ್ರಿಗೆ ಪೂರ್ತಿ ರೊಕ್ಕ ಕೊಡಬ್ಯಾಡ್ರಿ.

ಅಂಗಡಿಯಿಂದ ಹಿತ್ತಲಿನ ಗೋದಾಮಿಗೆ ಬಯಲಲ್ಲಿ ತಾಮ್ರದ ವೈರ್ ಎಳೆಯುವುದು ಬ್ಯಾಡ. ಮುಂಗಾರು ಮೊದಲಿನ ಗುಡುಗು-ಸಿಡಿಲಿಗೆ ಆ ವೈರ್ ಮೂಲಕ ಎರಡೂ ಕಡೆಯ ಸಾಮಾನು ಸುಡಬಹುದು. ಅಲ್ಲಿ ಫೈಬರ್ ಹಾಕಿಸ್ರಿ. ಗಾಜಿನ ಎಳೆಯಲ್ಲಿ ಕರೆಂಟ್ ಹರಿಯಲ್ಲ, 100 ಮೀಟರ್ ಮಿತಿಯೂ ಅದಕ್ಕಿಲ್ಲ. ಲೋಹದ ತಂತಿ ಇಲ್ಲದ ಫೈಬರ್ ಕೇಬಲ್ಲೇ ಕೇಳ್ರಿ.

ಬಿಸಿಲು, ಧೂಳು, ಕರೆಂಟ್, ನೀರು

ನಮ್ಮ ಕಡೆ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ತಗಡಿನ ಛಾವಣಿಯ ಕೆಳಗೆ, ಗಾಳಿ ಆಡದ ಕಪಾಟಿನಲ್ಲಿ ಪೆಟ್ಟಿಗೆ ಇಡಬ್ಯಾಡ್ರಿ. ದಾಲ್ ಮಿಲ್‌ನವರು ಧೂಳು ಬಾರದ ಕೋಣೆ ನೋಡಿಕೊಳ್ಳಬೇಕು. ಕರೆಂಟ್ ಹೋದಾಗ ಪೆಟ್ಟಿಗೆ ಮಾತ್ರವಲ್ಲ, ಸ್ವಿಚ್ ಕೂಡ ಯುಪಿಎಸ್ ಮೇಲೆ ಇರಬೇಕು. ಯುಪಿಎಸ್‌ನಿಂದ ಪೆಟ್ಟಿಗೆಗೆ ಯುಎಸ್‌ಬಿ ವೈರ್ ಕೊಡುವ ಸೌಲಭ್ಯ ಇದ್ದರೆ ಜೋಡಿಸಿ ಸೆಟ್ಟಿಂಗ್ ಮಾಡಿಸ್ರಿ, ಬ್ಯಾಟರಿ ಮುಗಿಯುವ ಮೊದಲು ಅದು ತಾನೇ ಸರಿಯಾಗಿ ಬಂದ್ ಆಗುತ್ತದೆ.

2020ರ ಅಕ್ಟೋಬರ್‌ನಲ್ಲಿ ಭೀಮಾ ಪ್ರವಾಹ ಅಫಜಲಪುರ, ಜೇವರ್ಗಿ ತಾಲೂಕುಗಳ ನದಿ ದಂಡೆಯ ಊರುಗಳಿಗೆ ನುಗ್ಗಿದ್ದು ಯಾರೂ ಮರೆತಿಲ್ಲ. ಪೆಟ್ಟಿಗೆ, ಸ್ವಿಚ್ ಎರಡನ್ನೂ ನೆಲದ ಮೇಲೆ ಇಡದೆ ಗೋಡೆಗೆ ಎತ್ತರದಲ್ಲಿ ಕೂರಿಸ್ರಿ.

ಒಂದು ಪ್ರತಿ ವೈರ್‌ನಿಂದ ದೂರ ಇರಲಿ

2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಎಂಬ ವೈರಸ್ ಹಲವು ದೇಶಗಳ ಕಂಪ್ಯೂಟರ್‌ಗಳಿಗೆ ಬೀಗ ಹಾಕಿ ಹಣ ಕೇಳಿತ್ತು. ಅದು ನೆಟ್‌ವರ್ಕ್ ಮೂಲಕವೇ ಒಂದರಿಂದ ಇನ್ನೊಂದಕ್ಕೆ ಹರಡಿತು. ಅದೇ ವೈರ್‌ನಲ್ಲಿರುವ ಬ್ಯಾಕಪ್ ಪೆಟ್ಟಿಗೆಗೂ ಇಂಥ ವೈರಸ್ ಕೈ ಹಾಕಬಹುದು. ಆದ್ದರಿಂದ ಪೆಟ್ಟಿಗೆಯ ಪಾಸ್‌ವರ್ಡ್ ಬೇರೆ ಇರಲಿ, ಬಿಲ್ಲಿಂಗ್ ಕೌಂಟರ್‌ನ ಹುಡುಗರಿಗೆ ಅದರ ಅಡ್ಮಿನ್ ಪಾಸ್‌ವರ್ಡ್ ಬ್ಯಾಡ. ವಾರಕ್ಕೊಮ್ಮೆ ಯುಎಸ್‌ಬಿ ಹಾರ್ಡ್‌ಡಿಸ್ಕ್‌ಗೆ ಇನ್ನೊಂದು ಪ್ರತಿ ತೆಗೆದು, ಬಿಚ್ಚಿ ಮನೆಗೆ ಒಯ್ಯಿರಿ. ಮೂಲ ಸೇರಿ ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಜಾಗದಲ್ಲಿ. ಎಲ್ಲ ಕಡೆ ಪಾಲಿಸುವ ಸೂತ್ರ ಇದೇ.

ಕೊನೆಗೆ, ಪ್ರತಿ ವೈರ್‌ನ ಎರಡೂ ತುದಿಗೆ ನಂಬರ್ ಚೀಟಿ ಅಂಟಿಸಿ, ನಕ್ಷೆಯ ಹಾಳೆಯನ್ನು ಸ್ವಿಚ್ ಪಕ್ಕ ತೂಗುಹಾಕ್ರಿ. ತಿಂಗಳಿಗೊಮ್ಮೆ ಹಳೆಯ ಒಂದು ಬಿಲ್ಲನ್ನು ಬ್ಯಾಕಪ್‌ನಿಂದ ತೆರೆದು ನೋಡ್ರಿ. ಅದು ತೆರೆದರೆ ನಿಮ್ಮ ಹತ್ತಿರ ಬ್ಯಾಕಪ್ ಇದೆ ಅಂತ ಅರ್ಥ.